ರಂಗಮ್ಮ ಹೋಗಿಬಂದ ಊರು

ಹನುಮಮ್ಮ ಸರಕ್ಕೆ ಕತ್ತರಿ ಹಾಕುವಷ್ಟರಲ್ಲಿ ಮಂಜುಳಾ ಅವಳ ಕೈ ಹಿಡಿದುಕೊಂಡಳು.

“ಬ್ಯಾಡ ಕಣತ್ತೆ. ಅಮ್ಮ ಅದನ್ನ ಯಾವತ್ತೂ ತೆಗ್ದಿಲ್ಲ.”

“ತಾಳಿ ಇದ್ರೆ ಸಾಕು ಕಣೇ. ಇದು ನೋಡು, ಬರೀ ಕಾಗದ. ಸುತ್ತಿ ಸುತ್ತಿ ಮಣಿ ಮಾಡವ್ರೆ. ನೀರು ಹುಯ್ದ್ರೆ ಕರಗೋಯ್ತದೆ.”

ಹಿತ್ತಿಲಲ್ಲಿ ಸೀರೆ ಅಡ್ಡ ಕಟ್ಟಿ ರಂಗಮ್ಮನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಸೀರೆಯ ಈಚೆ ಕಲ್ಲಿನ ಮೇಲೆ ಕೂತಿದ್ದ ಜವರಯ್ಯನಿಗೆ ಅಕ್ಕನ ಮಾತು, ಮಗಳ ಮಾತು ಎರಡೂ ಕೇಳಿಸಿದವು. ಹೆಂಡತಿಯ ಕೊರಳಲ್ಲಿ ವರ್ಷಗಳಿಂದ ಇದ್ದ ಆ ಕೆಂಪು ಹಸಿರು ಸರ ಪ್ಲಾಸ್ಟಿಕ್ಕಿನದು, ಹಳೇಬೀಡಿನಲ್ಲಿ ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಕೊಂಡದ್ದು ಅಂತಲೇ ಅವನು ತಿಳಿದಿದ್ದ.

“ಇರ್ಲಿ ಬುಡಕ್ಕ,” ಅಂದ.

ನೀರು ಹುಯ್ದರು. ಮಣಿ ಕರಗಲಿಲ್ಲ.

ಹಿಂದಿನ ಸಂಜೆ ಹಸುವಿಗೆ ಹುಲ್ಲು ಹಾಕಿ ಬಂದ ರಂಗಮ್ಮ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದಳು, ಮತ್ತೆ ಏಳಲಿಲ್ಲ. ಬಾಣಾವರದಿಂದ ಮಗಳು ಬಂದಳು. ಬೆಳಿಗ್ಗೆ ಬೇಲೂರಿನಿಂದ ಹೇಮಾಶ್ರೀಯೂ ಬಂದಳು. ರೈತರಿಗೆ ತರಬೇತಿ ಕೊಡುವ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಆಟೋ ಇಳಿದು ಅಂಗಳಕ್ಕೆ ಬಂದಾಗ ಜನ ಸರಿದು ದಾರಿ ಬಿಟ್ಟರು. “ರಂಗಮ್ಮನ್ನ ಆಫ್ರಿಕಾಕ್ಕೆ ಕರ್ಕಂಡೋಗಿದ್ದ ಮೇಡಮ್ಮು,” ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹೇಮಾಶ್ರೀ ಹೆಣದ ಕೊರಳು ನೋಡಿ ಬಾಯಿಗೆ ಕೈ ಒತ್ತಿಕೊಂಡಳು.

“ಇದು ಅಕೆಲೊ ಮಾಡಿಕೊಟ್ಟಿದ್ದು,” ಅಂದಳು.

ಅದ್ಯಾರು ಎಂದು ಕೇಳುವ ಹೊತ್ತು ಅದಾಗಿರಲಿಲ್ಲ. ಚಟ್ಟ ಸಿದ್ಧವಾಗಿತ್ತು.

*

ಏಳು ವರ್ಷದ ಹಿಂದೆ ಉಗಾಂಡ ದೇಶದ ಗುಲು ಎಂಬ ಊರಿನವರು, ಗುಳಿ ರಾಗಿ ನಾಟಿ ಕಲಿಸಲು ಬೇಸಾಯ ಮಾಡುವ ಹೆಂಗಸೊಬ್ಬಳನ್ನೇ ಕಳಿಸಿಕೊಡಿ ಎಂದು ಹೇಮಾಶ್ರೀಯ ಸಂಸ್ಥೆಯನ್ನು ಕೇಳಿದ್ದರು. ಅಲ್ಲಿ ರಾಗಿಯನ್ನು ಎರಚಿ ಬಿತ್ತುವುದು ರೂಢಿ. ರಂಗಮ್ಮ ಹಾಗಲ್ಲ. ಅತ್ತೆಯಿಂದ ಕಲಿತಂತೆ ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಸಾಲು ಹೊಡೆಸಿ, ಸಾಲು ಕೂಡಿದಲ್ಲಿ ಗುಳಿ ಮಾಡಿ, ಹಿಡಿ ಗೊಬ್ಬರ ಹಾಕಿ ಎರಡೆರಡು ಪೈರು ಊರುವಳು. ಪೈರು ಬೇರು ಕಚ್ಚಿದ ಮೇಲೆ ಅದರ ಮೇಲೆ ಮರದ ಕೊರಡು ಎಳೆಸುವಳು. ಮಲಗಿದ ಪೈರು ಮತ್ತೆ ಎದ್ದಾಗ ಬುಡದಲ್ಲಿ ತೆಂಡೆ ಎಂಬ ಮರಿಕುಡಿಗಳು ಹತ್ತಾರು ಒಡೆದಿರುತ್ತಿದ್ದವು.

“ನಾನಾ? ಇಮಾನ್ದಲ್ಲಾ?” ರಂಗಮ್ಮ ಗಂಡನ ಮುಖ ನೋಡಿದ್ದಳು.

“ಹೋಗ್ಬಾ,” ಅಂದಿದ್ದ ಜವರಯ್ಯ, ಹೇಗೂ ಆಗುವ ಮಾತಲ್ಲ ಅಂದುಕೊಂಡು. ಆಯಿತು. ಎರಡು ತಿಂಗಳು ಅವಳು ಅಲ್ಲಿದ್ದು ಬಂದಳು.

ಬಂದ ದಿನ ಮುದ್ದೆ ಬಡಿಸುತ್ತಾ, “ಅಲ್ಲಿ ಅಕ್ಕೆಲ್ಲಮ್ಮ ಅಂತ ಒಬ್ಳು…” ಎಂದು ಶುರು ಮಾಡಿದಳು.

“ಅದಿರ್ಲಿ, ಕರೀ ಹಸ ಯಾಕೋ ಮೇವೇ ಮುಟ್ತಿಲ್ಲ. ಒಸಿ ನೋಡು,” ಅಂದ ಜವರಯ್ಯ.

ಅವಳು ಕೈ ತೊಳೆದು ಕೊಟ್ಟಿಗೆಗೆ ಹೋದಳು. ಆಮೇಲೆ ಆ ಮಾತು ತೆಗೆಯಲಿಲ್ಲ. ಸಂಜೆ ದೀಪ ಹಚ್ಚುವಾಗ ಮಾತ್ರ ಒಮ್ಮೊಮ್ಮೆ, ಯಾರಿಗೂ ಹೇಳುವಂತಲ್ಲದೆ, “ಅಲ್ಲಿನ್ನೂ ಬಿಸ್ಲಿರ್ತದೆ,” ಅನ್ನುತ್ತಿದ್ದಳು. ಎಲ್ಲಿ ಎಂದು ಅವನು ಕೇಳಿರಲಿಲ್ಲ.

*

ಹೊಲದ ಮೂಲೆಯಲ್ಲಿ ಅತ್ತೆ ಮಾವನ ಸಮಾಧಿಗಳ ಪಕ್ಕದಲ್ಲೇ ಗುಂಡಿ ತೆಗೆದಿದ್ದರು. ಬದುವಿನ ಹತ್ತಿರ ಬಂದಾಗ ಚಟ್ಟ ಹೊತ್ತವರು ನಿಂತರು. ಮುಂದೆ ಹೆಗಲು ಕೊಟ್ಟಿದ್ದ ಪಕ್ಕದ ಹೊಲದ ಚಿದಂಬರ ತಿರುಗಿ ನೋಡಿದ.

“ಬದಿನ್ ಮ್ಯಾಲೆ ಹಿಡ್ಸಲ್ಲ ಕಣಣ್ಣ, ಹೊಲಕ್ಕೇ ಇಳೀಬೇಕು. ಪೈರೆಲ್ಲ ತುಳ್ದೋಯ್ತದೆ. ಅತ್ತಿಗೇನೆ ಹಾಕಿದ್ದು…”

“ತುಳೀರಿ,” ಅಂದ ಜವರಯ್ಯ. “ನಾಡಿದ್ದು ಕೊರಡು ಎಳೆಸ್ಬೇಕು ಅಂತಿದ್ಲು.”

ಆದರೂ ಜನ ಪೈರು ತಪ್ಪಿಸಿ ಕಾಲಿಡಲು ನೋಡಿದರು. ಆಗಲಿಲ್ಲ.

ಮಣ್ಣು ಮಾಡಿದ ಮೇಲೆ ಎಲ್ಲರೂ ಪಂಪ್‌ಸೆಟ್ಟಿನ ತೊಟ್ಟಿಯ ಕಡೆ ಕೈಕಾಲು ತೊಳೆಯಲು ಹೋದರು. ಜವರಯ್ಯ ಊರುಗೋಲು ಪಕ್ಕಕ್ಕಿಟ್ಟು ಸಮಾಧಿಯ ಬಳಿಯೇ ಕುಸಿದು ಕೂತ. ಹೇಮಾಶ್ರೀ ಬಂದು ಬದುವಿನ ಮೇಲೆ ಕೂತಳು.

“ತಾಯಿ, ಒಂದ್ ಮಾತು. ಅಲ್ಲಿ ಅವ್ಳು ಹೆಂಗಿದ್ಲು?”

“ನಿಮ್ಗೆ ಏನೂ ಹೇಳ್ಲೇ ಇಲ್ವಾ?”

“ಹೇಳಕ್ಕೆ ಬಂದ್ಲು. ನಾನು ಹಸ ನೋಡು ಅಂದೆ.”

ಹೇಮಾಶ್ರೀ ಮೊಬೈಲು ತೆಗೆದು ಬಹಳ ಹೊತ್ತು ಹುಡುಕಿದಳು. ಸಿಕ್ಕ ವಿಡಿಯೋ ಹಾಕಿ ಅವನ ಕೈಗೆ ಕೊಟ್ಟಳು.

ಕೆಂಪು ನೆಲದ ಹೊಲ. ಹೆಂಗಸರ ದೊಡ್ಡ ಗುಂಪು. ಅವತ್ತು ಎತ್ತು ಸಿಕ್ಕಿರಲಿಲ್ಲವೆಂದು ಅವರೇ ಹಗ್ಗ ಹಿಡಿದು ಕೊರಡು ಎಳೆಯುತ್ತಿದ್ದರು. ಮುಂದೆ ಸೀರೆ ಎತ್ತಿ ಕಟ್ಟಿದ ರಂಗಮ್ಮ. “ಎಳೀರೇ! ಊಟ ಮಾಡಿಲ್ವೇನ್ರೇ, ಎಳೀರೇ!” ಎಂದು ಕೂಗುತ್ತಿದ್ದಳು. ಹಗ್ಗ ಪಟ್ಟನೆ ಕಿತ್ತು ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ರಂಗಮ್ಮ ಕೆಸರಲ್ಲಿ ಅಂಗಾತ ಬಿದ್ದು ನಗತೊಡಗಿದಳು. ಎಬ್ಬಿಸಲು ಬಂದ ಎತ್ತರದ ಹೆಂಗಸೊಬ್ಬಳನ್ನೂ ಕೈ ಹಿಡಿದು ಕೆಡವಿಕೊಂಡಳು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

“ಇನ್ನೊಂದ್ ಸಲ ಹಾಕಿ,” ಅಂದ ಜವರಯ್ಯ.

ಹಾಕಿದಳು. ಮತ್ತೊಮ್ಮೆ ಹಾಕಿಸಿಕೊಂಡ.

“ಇಷ್ಟ್ ಕಾಲ ಸಂಸಾರ ಮಾಡಿವ್ನಿ. ಈ ನಗ ನಾನು ಕೇಳಿಲ್ಲ.”

“ಆ ಎತ್ತರದೋಳೇ ಅಕೆಲೊ. ರಾಗಿಗೆ ಅವರ ಭಾಷೇಲಿ ಕಾಲ್ ಅಂತಾರೆ. ಮೊದಲನೇ ದಿನ ರಂಗಮ್ಮ ಅದನ್ನ ಕಾಳು ಅಂತ ಕೇಳಿಸ್ಕೊಂಡು, ‘ಇವ್ಳು ನಮ್ ಮಾತೇ ಆಡ್ತಾಳೆ’ ಅಂದ್ಬಿಟ್ರು. ಆವತ್ತಿಂದ ಇವ್ರು ಕನ್ನಡದಲ್ಲಿ, ಅವಳು ಅವಳ ಭಾಷೇಲಿ. ಸಂಜೆ ಕೂತ್ರೆ ಏಳೋರಲ್ಲ. ನಾನು ಬಿಡಿಸಿ ಹೇಳಕ್ಕೆ ಹೋದ್ರೆ ಇಬ್ರೂ ಬೇಡ ಅನ್ನೋರು.”

“ಮತ್ತೆ ಕರೀಲಿಲ್ವಾ ಅವ್ರು?”

“ಕರೆದ್ರು. ಹೋದ್ವರ್ಷದ ಹಿಂದಿನ್ವರ್ಷ. ನಾನೇ ಫೋನ್ ಮಾಡಿದ್ದೆ. ನಿಮ್ಗೆ ಸೊಂಟ ಮುರ್ದಿತ್ತಲ್ಲ, ರಂಗಮ್ಮ ಆಗಲ್ಲ ಅಂದ್ರು.”

*

ಅದು ಜವರಯ್ಯನಿಗೆ ನೆನಪಿತ್ತು. ತೆಂಗಿನ ಮರದಿಂದ ಬಿದ್ದು ಮಂಚ ಹಿಡಿದಿದ್ದ ಕಾಲ. ಫೋನು ಬಂದಾಗ ರಂಗಮ್ಮ ಅದನ್ನು ಹಿಡಿದು ಹಿತ್ತಿಲಿಗೆ ಹೋದಳು. ಕಿಟಕಿಯಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮಾತು ಬೇಗ ಮುಗಿಯಿತು. ಆದರೂ ಅವಳು ನುಗ್ಗೆ ಮರಕ್ಕೆ ಒರಗಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

“ಯಾರದು?” ಅಂದ, ಒಳಗೆ ಬಂದಾಗ.

“ರಾಂಗ್ ನಂಬರು,” ಅಂದಳು. ಅವನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಎಣ್ಣೆ ಹಚ್ಚಿದಳು.

*

“ನಂಗೆ ಹೇಳಿದ್ರೆ ಹೋಗು ಅಂತಿದ್ದೆ,” ಅಂದ ಜವರಯ್ಯ. ಸ್ವಲ್ಪ ತಡೆದು, “ಅಂತಿದ್ನೋ ಏನೋ,” ಅಂದ.

ಹೇಮಾಶ್ರೀ ಅವನ ಊರುಗೋಲನ್ನು ಎತ್ತಿ ಹತ್ತಿರಕ್ಕಿಟ್ಟಳು.

“ಆ ಎತ್ತರದ ತಾಯಿಗೆ ಗೊತ್ತಾ, ಇವ್ಳು ತೀರ್ಕಂಡಿದ್ದು?”

“ಇಲ್ಲ. ನಂಗೆ ಧೈರ್ಯ ಬರ್ಲಿಲ್ಲ.”

“ಫೋನ್ ಮಾಡಿ. ನಾನಿರ್ತೀನಿ.”

ಎರಡು ಸಲ ಕಟ್ಟಾಗಿ ಮೂರನೆಯ ಸಲ ಮುಖ ಕಾಣಿಸಿತು. ವಿಡಿಯೋದಲ್ಲಿದ್ದವಳೇ. ಕೂದಲು ನೆರೆತಿತ್ತು. ಅಲ್ಲಿ ಕೊಯ್ಲು ನಡೆಯುತ್ತಿತ್ತು. ಅವಳ ಒಂದು ಕೈಯಲ್ಲಿ ಸಣ್ಣ ಚಾಕು, ತೋಳಿನ ಮೇಲೆ ರಾಗಿ ತೆನೆಯ ಬುಟ್ಟಿ. ಜವರಯ್ಯನನ್ನು ಕಂಡು ಅವಳ ಮುಖ ಅರಳಿತು. ರಂಗಮ್ಮ ಅವನ ಫೋಟೋ ತೋರಿಸಿದ್ದಿರಬೇಕು.

“ಊಟ ಆಯ್ತಾ?” ಅಂದಳು, ಕನ್ನಡದಲ್ಲಿ. ತನ್ನ ಮಾತಿಗೆ ತಾನೇ ನಕ್ಕು, ಅವನ ಅಕ್ಕಪಕ್ಕ ಹುಡುಕುವಂತೆ ಕಣ್ಣಾಡಿಸಿ, “ರಂಗಮ್ಮ?” ಎಂದು ಕೇಳಿದಳು.

ಹೇಮಾಶ್ರೀ ಇಂಗ್ಲಿಷಿನಲ್ಲಿ ಏನೋ ಹೇಳಹೋದಳು. ಜವರಯ್ಯ ಕೈಸನ್ನೆಯಿಂದ ಅವಳನ್ನು ತಡೆದ. ಫೋನನ್ನು ಮೆಲ್ಲಗೆ ತಿರುಗಿಸಿ ಚೆಂಡುಹೂವು ಹರಡಿದ ಮಣ್ಣಿನ ಗುಡ್ಡೆಯನ್ನು ತೋರಿಸಿದ.

ಆ ಕಡೆಯಿಂದ ಒಂದು ಚೀರಾಟ. ಬುಟ್ಟಿ ಬಿದ್ದ ಸದ್ದು, ಓಡಿ ಬರುವ ಹೆಜ್ಜೆಗಳ ಸದ್ದು. ಒಂದೊಂದೇ ಗಂಟಲು ಸೇರಿಕೊಂಡು ಅಳು ದೊಡ್ಡದಾಯಿತು.

ತೊಟ್ಟಿಯ ಕಡೆಯಿಂದ ಹನುಮಮ್ಮ ಒದ್ದೆ ಕಾಲಿನಲ್ಲೇ ಓಡಿ ಬಂದಳು.

“ಯಾರ್ಲಾ ಜವರ ಅದು, ಹಿಂಗ್ ಅಳ್ತಿರೋದು?”

“ರಂಗಿ ಕಡೇರು ಕಣಕ್ಕ.”

ಹನುಮಮ್ಮ ಬಾಗಿ ನೋಡಿದಳು. ಕಿರಿದಾದ ಗಾಜಿನಲ್ಲಿ ಮುಖಗಳು ಒತ್ತಿಕೊಂಡಿದ್ದವು. ಊರಿನಲ್ಲಿ ಯಾರ ಮನೆಯ ಸಾವಿಗೂ ಮೊದಲು ಸೊಲ್ಲೆತ್ತಿ ಅಳುವವಳು ಅವಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಫೋನಿನ ಎದುರಿಗೆ ಮಣ್ಣಿನಲ್ಲಿ ಕೂತಳು.

“ಕಾಳಿನಂಥ ಮಾತಿನೋಳೇ, ಎಲ್ಲಿಗ್ ಹೋದ್ಯೇ ನನ್ನವ್ವಾ…”

ಎಳೆದು ನಿಲ್ಲಿಸಿದಳು. ಆ ಕಡೆಯಿಂದ ಅಕೆಲೊ ತನ್ನ ಭಾಷೆಯಲ್ಲಿ ಒಂದು ಸಾಲು ಎತ್ತಿದಳು, ಹಿಂದೆ ಉಳಿದವರು ದನಿ ಕೂಡಿಸಿದರು. ಅವರು ಮುಗಿಸುವವರೆಗೆ ಹನುಮಮ್ಮ ಕಾದಳು. ಮುಗಿದ ಮೇಲೆ ಮುಂದಿನ ಸೊಲ್ಲು ಎತ್ತಿಕೊಂಡಳು. ಅದನ್ನು ಕೇಳಿ ಮಂಜುಳಾ ಬಂದಳು. ಕೈಕಾಲು ತೊಳೆದು ಮನೆಯ ಕಡೆ ಹೊರಟಿದ್ದ ಹೆಂಗಸರೂ ಬದುವಿನ ಮೇಲೆ ಒಬ್ಬೊಬ್ಬರಾಗಿ ತಿರುಗಿ ಬಂದು ಕೂತರು.

ಜವರಯ್ಯನ ತೋಳು ಸೋತು ಇಳಿಯತೊಡಗಿತು. ಹೇಮಾಶ್ರೀ ಫೋನಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ. ಇನ್ನೊಂದು ಕೈಯನ್ನೂ ಆಸರೆಗೆ ತಂದು, ಅದನ್ನು ಮತ್ತಷ್ಟು ಕೆಳಗೆ, ಗುಡ್ಡೆಯ ಹಸಿ ಮಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡ.