ಹತ್ತಿ ಹುಳದ ಮದ್ದು

“ಕೈ ಎತ್ತ್, ಬೋಳಿಮಗ್ನೆ. ಕಂಕುಳಿಗೂ ಬೀಳ್ಲಿ,” ಎಂದು ಶಾಮರಾಯ ಒಡೆಯರು ಜಗುಲಿಯಿಂದ ಹೇಳಿದರು.

ನಾನು ಎರಡೂ ಕೈ ಎತ್ತಿದೆ. ಮದ್ದಿನ ಕಂಪೆನಿಯ ಗೋವರ್ಧನರಾಯರು ಪಂಪು ಒತ್ತಿದರು. ಸುಣ್ಣದ ನೀರಿನಂಥದ್ದು ತಲೆಯಿಂದ ಕೋಮಣದವರೆಗೆ ಇಳಿಯಿತು. ನೋಡಲು ಬಂದಿದ್ದ ಒಕ್ಕಲುಗಳು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೊಂದು ಸಲ ಹೊಡೆಯುತ್ತಿದ್ದರು.

“ನೋಡಿ, ಹುಳು ಸಾಯುತ್ತದೆ, ಮನುಷ್ಯನಿಗೆ ಏನೂ ಆಗುವುದಿಲ್ಲ,” ಎಂದು ಗೋವರ್ಧನರಾಯರು ಪುಸ್ತಕದ ಕನ್ನಡದಲ್ಲಿ ಸಾರಿದರು. ಆ ಮನೆಯ ಎದುರು ನನ್ನನ್ನು ಮನುಷ್ಯ ಎಂದವರು ಅವರೇ ಮೊದಲು. ನನಗೆ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ. ತಲೆಯ ಹೇನೂ ಸತ್ತವು.

ಯುದ್ಧ ಮುಗಿದಿತ್ತು, ಬಟ್ಟೆಯನ್ನು ಅಳೆದು ಕೊಡುವ ಸರಕಾರದ ಕಂಟ್ರೋಲು ಮುಗಿದಿರಲಿಲ್ಲ. ಭತ್ತ ಬೆಳೆಯುವ ಕಿರಿಮಂಜೇಶ್ವರದಲ್ಲಿ ಹತ್ತಿ ಬೆಳೆದು ಊರಿಗೆಲ್ಲ ಬಟ್ಟೆ ಉಡಿಸುತ್ತೇನೆಂದು ಒಡೆಯರು ನೀರು ನಿಲ್ಲದ ಎತ್ತರದ ಬೆಟ್ಟುಗದ್ದೆಗೆ ಬೀಜ ಹಾಕಿಸಿದ್ದರು. ನನಗೆ ಬೇಕಾದ್ದು ಗೇಣು ಬಟ್ಟೆ. ಅದಕ್ಕೆ ಒಂದು ಗಿಡ ಸಾಕಿತ್ತು. ಗಿಡವೇನೋ ಎದ್ದಿತು, ಆದರೆ ಕಾಯಿಯೊಳಗೆ ಹುಳು ನನಗಿಂತ ಚೆನ್ನಾಗಿ ಉಂಡು ಮಲಗಿತ್ತು. ಅದನ್ನು ಕೊಲ್ಲಲಿಕ್ಕೆಂದೇ ಗೋವರ್ಧನರಾಯರು ಕುಂದಾಪುರದಿಂದ ದೋಣಿಯಲ್ಲಿ ಕಡವು ದಾಟಿ ಬಂದಿದ್ದರು. ಅರ್ಧ ಗದ್ದೆಗೆ ಮದ್ದು, ಅರ್ಧಕ್ಕೆ ಬರೀ ನೀರು, ಆಮೇಲೆ ಯಾವ ಕಡೆ ಹುಳು ಸತ್ತಿತು ಎಂದು ನೋಡುವುದು. ಇದಕ್ಕೆ ಪರೀಕ್ಷೆ ಎಂದು ಹೆಸರು.

ಪಂಪಿನ ಡಬ್ಬಿ ಹೊತ್ತು ಗದ್ದೆಗೆ ಹೊಡೆಯುವ ಕೆಲಸ ನನ್ನ ಬೆನ್ನಿಗೆ ಬಿತ್ತು. ನಾನು ಒಡೆಯರ ಮೂಲದಾಳು, ಅಜ್ಜನ ಕಾಲದಿಂದ ಜೀತದ ಕೇರಿಯವನು, ಅವರ ಬಾವಿಕಟ್ಟೆ ಮುಟ್ಟುವಂತಿಲ್ಲ. ಹಾಗಾಗಿ ಮನೆಯಾಳು ಶೀನ ನೀರು ಸೇದಿ, ಡಬ್ಬಿಗೆ ತಾಗದಂತೆ ಮೇಲಿನಿಂದ ಹೊಯ್ಯುತ್ತಿದ್ದ. ನೀರಿಗೆ ಮಾತ್ರ ಮೈಲಿಗೆ. ಮದ್ದಿಗೆ ಅಂಥದ್ದೇನೂ ಇರಲಿಲ್ಲ, ಇಡೀ ದಿನ ನನ್ನ ಬೆನ್ನಿಗೆ ಅಂಟಿಕೊಂಡೇ ಇತ್ತು.

ಬೈಗಿಗೆ ಡಬ್ಬಿ ತೊಳೆಯಬೇಕಾಯಿತು.

“ಎಲ್ಲ್ ತೊಳೂದ್ ಒಡೇರೆ?”

“ನಿಮ್ ಹೊಂಡ ಇಲ್ಯಾ? ನನ್ ತಲಿ ಮೇಲ್ ತೊಳಿತ್ಯಾ?”

ಬೇಸಗೆಯಲ್ಲಿ ನಮ್ಮ ಕೇರಿಗೆ ಇದ್ದದ್ದು ಆ ಹೊಂಡ ಒಂದೇ. ಕುಡಿಯಲಿಕ್ಕೂ ಅದೇ. ಹೇಳಿದ್ದನ್ನು ಮಾಡಿಯೇ ಗೊತ್ತು ನನಗೆ. ತಿಕ್ಕಿ ತಿಕ್ಕಿ ತೊಳೆದೆ. ಅಷ್ಟು ಒಳ್ಳೆಯ ಆಳು ನಾನು.

ಬೆಳಿಗ್ಗೆ ಹೊಂಡದ ತುಂಬ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನನ್ನ ಹೆಂಡತಿ ಕುಸುಮ ಖಾಲಿ ಕೊಡ ಸೊಂಟಕ್ಕಿಟ್ಟು ನನ್ನನ್ನೇ ನೋಡಿದಳು.

“ಹ್ವಾಯ್, ಎಂತ ಮಾಡಿ ಬಂದ್ರಿ?”

“ಡಬ್ಬಿ ತೊಳ್ದೆ.”

“ಇನ್ ಮಕ್ಳಿಗ್ ಎಂತ ಕುಡ್ಸೂದ್? ನಿಮ್ ಉಚ್ಚಿಯಾ?”

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಬಂದರೂ ಒಡೆಯರ ಮನೆ ಎದುರು ನಿಂತಾಗ ಕೈ ತಾನಾಗಿಯೇ ಮುಗಿಯಿತು.

“ಒಡೇರೆ, ಹೊಂಡದ್ ಮೀನೆಲ್ಲ ಸತ್ಹೋಯ್ತ್. ಶೀನನ್ ಹತ್ರ ಹೇಳಿ ಹೆಂಗ್ಸ್ರಿಗೆ ಬಾವಿ ನೀರ್ ಹೊಯ್ಸಿ.”

“ಮೀನ್ ಸತ್ರೆ ಒಳ್ಳೇದಾಯ್ತಲಾ, ಸಾರ್ ಮಾಡ್ಕಂಡ್ ತಿನ್ನಿ. ನಿನ್ ಹೆಂಗ್ಸ್ರಿಗೆ ನೀರ್ ಹೊಯ್ಯೂಕೆ ನಾ ಶೀನನ್ ಸಾಕಿದ್ದಲ್ಲ.”

ಗೋವರ್ಧನರಾಯರು ಕಾಫಿ ಲೋಟ ಕೈಯಲ್ಲಿ ಹಿಡಿದೇ ನನ್ನನ್ನು ಸಮಾಧಾನಪಡಿಸಿದರು. “ಹೆದರಬೇಡ. ಮೀನು ಸಾಯಬಹುದು, ಮನುಷ್ಯನಿಗೆ ಏನೂ ಆಗುವುದಿಲ್ಲ. ನಿನ್ನೆ ನಿನ್ನ ಮೇಲೇ ಹೊಡೆದು ತೋರಿಸಿದೆನಲ್ಲ. ಆ ನೀರು ಕುಡಿಯಬಹುದು.”

“ಒಡೇರೂ ಕುಡಿಲಕ್ಕಾ?”

“ಯಾರು ಬೇಕಾದರೂ.”

ಅಷ್ಟು ಓದಿದವರ ಮಾತು. ನನ್ನಂಥವನು ನಂಬದೆ ಏನು ಮಾಡಲಿ? ಅಂದಿನ ಮದ್ದು ಕಲಸಿ ತುಂಬಿದ ಡಬ್ಬಿ ಅಂಗಳದ ತುದಿಯಲ್ಲಿತ್ತು. ಬೆನ್ನಿಗೇರಿಸಿಕೊಂಡೆ. ಗದ್ದೆಗೆ ಹೋಗುವ ಬದಲು ಬಾವಿಕಟ್ಟೆ ಹತ್ತಿದೆ. ಹೆಸರಿಗೆ ಸೂರ, ಆದರೂ ಕಟ್ಟೆ ಹತ್ತುವ ಮೊದಲು ಕಾಲು ಒರೆಸಿಕೊಂಡಿದ್ದೆ. ಡಬ್ಬಿ ಕಳಚಿ, ಮುಚ್ಚಳ ತೆಗೆದು, ಬಾವಿಯ ಮೇಲೆ ಓರೆ ಮಾಡಿ ಹಿಡಿದೆ.

“ಕಟ್ಟಿ ಮುಟ್ಟಿದ್ಯಲಾ ಹೊಲ್ಸ್ ನನ್ಮಗ್ನೆ,” ಎಂದು ಅರಚಿದ ಒಡೆಯರಿಗೆ ಆಮೇಲೆ ಡಬ್ಬಿ ಕಂಡಿತು. ಸ್ವರ ಇಳಿಯಿತು. “ಬ್ಯಾಡ ಸೂರಾ. ಅದ್ ವಿಷ ಮಾರಾಯಾ. ಮನೇಲಿ ಮಕ್ಳ್ ಇದ್ದೊ.”

“ರಾಯ್ರ್ ಕುಡಿಲಕ್ಕ್ ಅಂದ್ರಲೆ, ಒಡೇರೆ.”

ಗೋವರ್ಧನರಾಯರು ಲೋಟದೊಳಗೆ ಏನನ್ನೋ ಹುಡುಕುತ್ತಿದ್ದರು. ಕೊಡ ಹಿಡಿದು ನನ್ನ ಹಿಂದೆಯೇ ಬಂದಿದ್ದ ಕುಸುಮಳನ್ನು ಕೂಗಿದೆ. ಅಂಗಳದೊಳಗೆ ಬಂದಳು. ಕೇರಿಯ ಹೆಂಗಸರು ತಮ್ಮ ತಮ್ಮ ಕೊಡ ಹಿಡಿದು ಬೇಲಿಯಾಚೆಯೇ ನಿಂತರು.

ರಾಟೆಯ ಹಗ್ಗವನ್ನು ಅವಳು ಹುಟ್ಟಿದಂದಿನಿಂದ ಮುಟ್ಟಿದವಳಲ್ಲ. ಮೊದಲ ಸಲ ಎಳೆಯುವಾಗ ಕೊಡ ಬಾವಿಯ ಗೋಡೆಗೆ ಬಡಿದು ಅರ್ಧ ನೀರು ಚೆಲ್ಲಿತು. ಮತ್ತೆ ಇಳಿಸಿದಳು. ನನ್ನ ತೋಳು ಸೋಲುತ್ತಾ ಬಂತು. ಡಬ್ಬಿ ಜಾರಿದರೆ ಒಡೆಯರಿಗೂ ನೀರಿಲ್ಲ, ನಮಗೂ ಇಲ್ಲ. ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕಿದ ನನ್ನ ತಲೆಗೆ ಅದು ಹೊಳೆದದ್ದು ಆಗಲೇ. ಶೀನ ದೊಣ್ಣೆ ಹಿಡಿದು ದನದ ಹಟ್ಟಿಯ ಹಿಂದಿನಿಂದ ಬರುತ್ತಿದ್ದ.

“ತುಂಬ್ತ್. ಹೋಪ, ಬನ್ನಿ,” ಎಂದಳು ಕುಸುಮ.

“ಅದನ್ನ ಬೇಲಿ ಆಚಿಗ್ ಕೊಡ್,” ಎಂದೆ. “ಇನ್ನೊಂದ್ ಕೊಡ ಇಳ್ಸ್.”