ಅಡ್ಡ ಬಾರದ ನಾಯಿ

ವೈಪರ್ ಒಮ್ಮೆ ಹೋಗಿ ಬಂದದ್ದೇ ತಡ, ಗಾಜಿನ ತುಂಬ ಕೆಂಪು, ಅರಿಶಿಣ ಕುಂಕುಮ ವಿಭೂತಿ ಎಲ್ಲ ಕಲಸಿ ಬಳಿದಂತಾಯಿತು, ಆಚೆ ಏನೂ ಕಾಣುವುದಿಲ್ಲ, ಮೊದಲು ಒಣ ಬಟ್ಟೆಯಿಂದ ಒರೆಸಬೇಕಿತ್ತು, ಇಪ್ಪತ್ತು ವರ್ಷ ಸ್ಟೇರಿಂಗು ಹಿಡಿದವನಿಗೆ ಇಷ್ಟೂ ತಿಳಿಯದೇ ಪೆದ್ದ — ಸುಧಾರಾಣಿ ಆರತಿ ತಟ್ಟೆ ಹಿಡಿದು ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ, ನಗಲಿ ನಗಲಿ, ನಾನು ಕಂಗಾಲಾಗುವುದನ್ನು ನೋಡುವುದೆಂದರೆ ನನ್ನ ಹೆಂಡತಿಗೆ ಹೋಳಿಗೆ ಉಂಡಷ್ಟು ಖುಷಿ, ಬಳಿದವಳೂ ಅವಳೇ, ಒಂದು ಬೊಟ್ಟು ಇಡು ಅಂದರೆ ಗೋಡೆಗೆ ಸುಣ್ಣ ಹೊಡೆದಂತೆ ಹೊಡೆದಿದ್ದಾಳೆ, ಮೇಲೆ ಕನ್ನಡಿಗೆ ಮೊಳದುದ್ದದ ಸೇವಂತಿಗೆ ಮಾಲೆ. ನಿನ್ನೆ ಹಾವೇರಿಯ ಶೋರೂಮಿನಲ್ಲಿ ಪಿಕಪ್ಪಿನ ಕೀಲಿ ಕೊಡುವ ಮೊದಲು ಆ ರಿಯಾಜ, ಸವಣೂರಿನ ಮನುಷ್ಯ, ಎಷ್ಟು ತಾಳ್ಮೆಯಿಂದ ಹೇಳಿಕೊಟ್ಟ, ಅಣ್ಣಾರ, ಕನ್ನಡಿಗೆ ಏನೂ ಕಟ್ಟಬ್ಯಾಡ್ರಿ, ಕಣ್ಣಿಗೆ ಅಡ್ಡ ಬರತೈತಿ, ಹಾರ ಮುಂದ ಬಂಪರಿಗೆ ಕಟ್ರಿ, ದೇವರೇನು ಸಿಟ್ಟಾಗಂಗಿಲ್ಲ. ಮಾಲೆ ಬಿಚ್ಚುತ್ತೇನೆ, ಒದ್ದೆ ಬಟ್ಟೆ, ಒಣ ಬಟ್ಟೆ, ಗಾಜು ಮೆಲ್ಲಗೆ ತಿಳಿಯಾಗುತ್ತದೆ, ಇನ್ನೂ ಮಬ್ಬು, ಓಣಿಯ ಕೊನೆಯ ಬೇವಿನಮರ ಮುಸ್ಸಂಜೆಯಲ್ಲಿ ಕಂಡೂ ಕಾಣದಂತಿದೆ. ಖಾಲಿ ಇದ್ದಾಗ ಹುಷಾರ್ರಿ ಅಣ್ಣಾರ, ಹಿಂದ ಹಗೂರ ಇರತೈತಿ, ಜೋರಾಗಿ ಬ್ರೇಕ್ ಒತ್ತಿದ್ರ ಹಿಂದಿನ ಗಾಲಿ ಜಾರತಾವು, ಲೋಡು ಹಾಕೂಮುಂದ ಭಾರ ಕೆಳಗ, ಮುಂದಕ ಇರಲಿ, ಹಗ್ಗ ಮೂಲಿಯಿಂದ ಮೂಲಿಗೆ ಬಿಗೀರಿ, ರಿವರ್ಸ್ ಹಾಕೂ ಮೊದಲು ಇಳದು ಒಂದು ಸುತ್ತು ನೋಡ್ರಿ, ಕನ್ನಡಿ ಎಲ್ಲಾ ತೋರ್ಸಂಗಿಲ್ಲ. ಹೂಂ ಹೂಂ ಅನ್ನುತ್ತಲೇ ಇದ್ದೆ, ಎಲ್ಲ ಗೊತ್ತಿದ್ದದ್ದೇ, ಗೊತ್ತಿದ್ದೂ ಇಪ್ಪತ್ತು ವರ್ಷ ಒಂದನ್ನೂ ಮಾಡಿರಲಿಲ್ಲ ಅಷ್ಟೆ. ಮತ್ತ ಒಂದು ಮಾತ್ರಿ, ಅಂದ ರಿಯಾಜ, ಫೋನು, ಓಡ್ಸೂಮುಂದ ಬ್ಯಾಡ. ಆಗ ನಾನು ಹೂಂ ಅನ್ನಲಿಲ್ಲ, ಬಾಗಿಲಿನ ಹಿಡಿಕೆಯನ್ನೇ ಸವರುತ್ತ ನಿಂತೆ.

ಗಾಡಿ ಅಲುಗಿತು. ಹಿಂದೆ ಏರುತ್ತಿದ್ದಾರೆ, ಕೇಳದೇ ಏರುತ್ತಿದ್ದಾರೆ, ಯಾಕೆ ಕೇಳಬೇಕು, ಈ ಓಣಿಯಲ್ಲಿ ಯಾರ ಮನೆಗೆ ಹೊಸ ಗಾಡಿ ಬಂದರೂ ಮೊದಲ ಸವಾರಿ ಓಣಿಯ ಹೆಂಗಸರದ್ದು, ರಟ್ಟೀಹಳ್ಳಿಯ ಕದಂಬೇಶ್ವರನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುವುದು, ಹೋಗುವುದು ಎರಡು ಕಿಲೋಮೀಟರು, ಹಾಡು ಹತ್ತು ಕಿಲೋಮೀಟರಿನಷ್ಟು. ಬಳೆ ಸದ್ದು, ಹಿಂಬಾಗಿಲಿಗೆ ಕಾಲು ತಾಗಿದ ಸದ್ದು, ಏ ಸರೀ ಆಕಡೆ, ನನ್ನ ಸೀರಿ ತುಳದಿ. ಇದೇ ಹೆಂಗಸರು, ಒಬ್ಬಳೂ ಬೇರೆಯಲ್ಲ, ಹಿರೇಕೆರೂರಿನ ಕಡೆ ಬೀಜದ ಹತ್ತಿಯ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ, ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೆ, ನನ್ನ ಹಳೇ ಗಾಡಿಯ ಹಿಂದೆ ನಿಂತೇ ಹೋಗುತ್ತಿದ್ದವರು, ದಿನಾ ಬೆಳಿಗ್ಗೆ ಬುತ್ತಿ ಹಿಡಿದು ಏರುವುದು, ಸಂಜೆ ಬೆರಳ ತುದಿಯಲ್ಲಿ ಹಳದಿ ಪುಡಿ ಹಚ್ಚಿಕೊಂಡು ಇಳಿಯುವುದು. ಅವರನ್ನೆಲ್ಲ ಹೊಲದಿಂದ ಕರೆತರುತ್ತಿದ್ದ ಆ ಸಂಜೆ ಹನಿ ಮಳೆ. ತಾಡಪಾಲು ಎಳೆದಿದ್ದೆವು, ಹಿಂದಿನವರಿಗೆ ಮುಂದಿನ ರಸ್ತೆ ಕಾಣುತ್ತಿರಲಿಲ್ಲ, ನಮ್ಮ ಓಣಿಯ ಮಹಾದೇವಕ್ಕ ಕೊನೆಯಲ್ಲಿ, ಹಿಂಬಾಗಿಲ ಹತ್ತಿರ, ಹಗ್ಗ ಹಿಡಿದು ನಿಂತಿದ್ದಳು, ಯಾವಾಗಲೂ ಅವಳು ಅಲ್ಲೇ, ಗಾಳಿ ಬೇಕು ಅವಳಿಗೆ. ನನ್ನ ಕಿವಿಯಲ್ಲಿ ಫೋನು. ನಗುತ್ತಿದ್ದೆ, ಏನಕ್ಕೆ ನಗುತ್ತಿದ್ದೆ ಎಂಬುದೂ ನೆನಪಿದೆ, ಸುಧಾರಾಣಿ ಬದನೆಕಾಯಿ ಸೀದುಹೋಯಿತು ಅಂದಳು, ಬ್ಯಾರೆದಾದ್ರೂ ಮಾಡು ಅಂದೆ, ಬ್ಯಾರೆ ಗಂಡನ್ನ ಮಾಡ್ಕೊಳ್ಲೇನು ಅಂದಳು, ನಕ್ಕೆ, ತಲೆ ಎತ್ತಿದರೆ ಸೇತುವೆಯ ಕಟ್ಟೆ ಎದುರಿಗೇ ಬರುತ್ತಿತ್ತು. ಬ್ರೇಕು. ಹಿಂದೆ ಒಂದೇ ಸಲ ಹತ್ತು ಮಂದಿಯ ಕೂಗು, ಆಮೇಲೆ ರಸ್ತೆಯ ಮೇಲೆ ಬುತ್ತಿಯ ಡಬ್ಬಿ ಉರುಳುವ ಸದ್ದು, ಡಬ್ಬಿ ನಿಲ್ಲಲೇ ಇಲ್ಲ. ಎಲ್ಲರೂ ಏನಾತು ಏನಾತು ಅಂತ ಸುತ್ತ ನಿಂತಾಗ ನನ್ನ ಬಾಯಿಂದ ಬಂದದ್ದು, ನಾಯಿ ಅಡ್ಡ ಬಂತು. ಯಾವ ಬಣ್ಣದ್ದು ಎಂದು ಯಾರೋ ಕೇಳಿದರು, ಯಾಕೆ ಕೇಳಿದರೋ, ಕೆಂದ ನಾಯಿ ಅಂದೆ. ಎರಡು ವರ್ಷವಾಯಿತು, ಆ ನಾಯಿ ಬೆಳೆದೇ ಬೆಳೆದಿದೆ, ಒಂದು ಕಿವಿ ಮುರಿದದ್ದು, ಬಾಲ ಮೇಲೆತ್ತಿದ್ದು, ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೇ ಕನಸಿನಲ್ಲಿ ಬರುತ್ತದೆ, ಬಂದು ಸುಮ್ಮನೆ ನೋಡುತ್ತದೆ. ರಸ್ತೆಗೆ ಬಿದ್ದ ಮಹಾದೇವಕ್ಕನ ತೊಡೆಯ ಎಲುಬಿಗೆ ಸರಳು ಹಾಕಿದರು, ಆರು ತಿಂಗಳು ಹಾಸಿಗೆ, ಈಗ ಕೋಲು, ದಿನವಿಡೀ ನಿಂತು ಹೂ ಮುಟ್ಟಿಸುವ ಕೆಲಸ ಅವಳಿಂದ ಆಗುವುದಿಲ್ಲ. ಕೇಳಿದವರಿಗೆಲ್ಲ ಅವಳೂ ಒಂದು ಹೇಳಿದಳು — ನಾನ ಹಗ್ಗ ಬಿಟ್ಟು ಸೆರಗು ಸರಿ ಮಾಡ್ಕೊಳಾಕ ಹೋದ್ನೆಪಾ, ರುದ್ರೇಶಂದೇನೂ ತಪ್ಪಿಲ್ಲ. ನಾನು ಅವಳಿಗೆ ಹೇಳಬೇಕು. ಹಳೇ ಗಾಡಿ ಮಾರಿದ ದಿನ ಹೇಳುತ್ತೇನೆ ಅಂದುಕೊಂಡೆ, ಯುಗಾದಿಗೆ ಬೇವು ಬೆಲ್ಲ ಕೊಡಲು ಹೋದಾಗ ಹೇಳುತ್ತೇನೆ ಅಂದುಕೊಂಡೆ, ಬೇವು ಕೊಟ್ಟು ಬಂದೆ. ಇವತ್ತು ಹೇಳದೇ ಈ ಗಾಡಿ ಹೊಸ್ತಿಲು ದಾಟಿದರೆ ನಾಯಿ ಇದರಲ್ಲೂ ಹತ್ತಿ ಕೂರುತ್ತದೆ, ಅಷ್ಟೇ, ಇವತ್ತು ಹೇಳಬೇಕು.

ಇಳಿದು ಹಿಂದೆ ಹೋದೆ. ಯವ್ವಗೋಳ್ರಾ, ಎಲ್ಲಾರೂ ಇಳೀರಿ, ಈ ಗಾಡ್ಯಾಗ ಹಿಂದ ಯಾರೂ ನಿಂದ್ರಂಗಿಲ್ಲ, ಇವತ್ತೂ ಇಲ್ಲ, ನಾಳೆ ಹೊಲಕ್ಕೂ ಇಲ್ಲ, ಹಿಂದ ಹಾನಗಲ್ಲಿನ ಮಾವು ಬರಲಿ, ಶಿಗ್ಗಾವಿ ಸಂತಿಗೆ ಮೆಣಸಿನಕಾಯಿ ಹೋಗಲಿ, ಮಂದಿ ಬ್ಯಾಡ. ಹಾಡು ನಿಂತಿತು. ಹತ್ತು ಮುಖಗಳು ಮೇಲಿನಿಂದ ನನ್ನನ್ನು ನೋಡುತ್ತಿವೆ, ಹುಟ್ಟಿದಾಗಿಂದ ನೋಡಿದ ಮುಖಗಳು, ಈಗ ಗುರುತೇ ಇಲ್ಲದವರ ಹಾಗೆ. ಯಾಕ, ನಮ್ಮ ಕಾಲು ಹೊಲಸ ಅದಾವೇನು. ಹೊಸಾದು ಬಂತಂದ್ರ ಮಾರಿ ತಿರುಗಿಸಿಬಿಟ್ಟಿ ನೋಡು. ಹಳೇದಕ್ಕ ಬೇಕಾಗಿದ್ವಿ, ಹೊಸಾದಕ್ಕ ಬ್ಯಾಡಾದ್ವಿ. ಏನು ಹೇಳಲಿ, ನಿಮ್ಮ ಕಾಲಲ್ಲ ನನ್ನ ಕೈ ಹೊಲಸು ಎನ್ನಲೇ, ಸುಧಾರಾಣಿ ಆರತಿ ತಟ್ಟೆ ಹಾಗೇ ಹಿಡಿದು ನಿಂತಿದ್ದಾಳೆ, ಅವಳೂ ಈಗ ನಗುತ್ತಿಲ್ಲ, ರೀ, ಇವತ್ತೊಂದಿನ ಮೆಲ್ಲಕ ಹೋಗಿ ಬರ್ರೆಲ, ಶುಭ ದಿನ ಯಾರ ಮನಸ್ಸೂ ನೋಯಿಸಬ್ಯಾಡ್ರಿ. ಮೆಲ್ಲಕ. ಆವತ್ತೂ ನಾನು ಮೆಲ್ಲಗೇ ಇದ್ದೆ, ಸ್ಪೀಡು ನಲವತ್ತೂ ದಾಟಿರಲಿಲ್ಲ. ಆಗ ಕೋಲಿನ ಸದ್ದು, ಮಹಾದೇವಕ್ಕ, ಹಸಿರು ಸೀರೆ, ಹಣೆಯ ತುಂಬ ವಿಭೂತಿ, ಒಂದು ಕಾಲನ್ನು ಸ್ವಲ್ಪ ತಡವಾಗಿ ಕರೆದುಕೊಂಡು ಬರುವ ಅವಳ ನಡಿಗೆ. ಮೇಲಿದ್ದವರು ಬಗ್ಗಿ ಕೈ ಚಾಚಿದರು, ಬಾ ಯಕ್ಕಾ, ಎಳಕೊಂತೇವಿ. ಅವಳು ಹಿಂಬಾಗಿಲನ್ನು ನೋಡಿದಳು, ಅದರ ಎತ್ತರ ನೋಡಿದಳು, ಅವಳ ಕೈ ಮೇಲೆ ಹೋಗಲಿಲ್ಲ. ಅದನ್ನು ನಾನೊಬ್ಬನೇ ಕಂಡೆನೋ ಎಲ್ಲರೂ ಕಂಡರೋ, ಯಕ್ಕಾ ನೀ ಮುಂದ ಕುಂದ್ರು ಅಂದೆ. ನಾ ಒಬ್ಬಾಕಿ ಮುಂದ ಕುಂತು ಇವರೆಲ್ಲಾ ನಡಕೊಂತ ಬರಬೇಕೇನು, ನಾ ಒಲ್ಲೆ ಅಂದಳು. ಬಾಯಿಗೆ ಬಂದದ್ದು ಬಂದುಬಿಟ್ಟಿತು — ಎಲ್ಲಾರೂ ಮುಂದ, ಒಬ್ಬೊಬ್ಬರ, ಬೆಲ್ಟ್ ಹಾಕ್ಕೊಂಡು, ಹನ್ನೊಂದು ಸಲ ಹೋಗತೇನಿ ಹನ್ನೊಂದು ಸಲ ಬರತೇನಿ. ಆಮೇಲೆ ಯಾರೋ, ಹಂಗಾರ ಗೌಡತಿಯರಂಗ ಹೋಗೋದು ಅಂದಳು, ಇನ್ನೊಬ್ಬಳು, ನನ್ನ ಕೂಡ ಮಾತಾಡ್ಕೊಂತ ಹೋಗಬೇಕು ಮತ್ತ, ಸುಮ್ಮನ ಕುಂತ್ರ ನಡಿಯಂಗಿಲ್ಲ ಅಂದಳು, ನಗೆ ಹೊರಟಿತು, ಒಬ್ಬೊಬ್ಬರೇ ಇಳಿದರು, ಬಳೆ ಸದ್ದು ಕೆಳಗೆ ಬಂತು, ಇಬ್ಬರು ಮಾತ್ರ ಮುಖ ಗಂಟಿಕ್ಕಿಕೊಂಡು ಮನೆಗೆ ಹೋದರು, ಹೋಗಲಿ, ಅವರನ್ನು ಆಮೇಲೆ ಕರೆಯುತ್ತೇನೆ, ಕಾಲು ಹಿಡಿದಾದರೂ ಕರೆಯುತ್ತೇನೆ. ಮೊದಲ ಸುತ್ತು ಮಹಾದೇವಕ್ಕಂದು ಅಂತ ಎಲ್ಲರೂ ಸೇರಿ ತೀರ್ಮಾನಿಸಿದರು.

ನಿಂಬೆಹಣ್ಣು ನಾಲ್ಕೂ ಗಾಲಿಯಡಿ ಒಡೆದವು. ಅದಕ್ಕೂ ಮೊದಲು ಬೆಲ್ಟು, ಎಳೆದು ಅವಳ ಹೆಗಲಿನಿಂದ ಸೊಂಟಕ್ಕೆ ಮೆಲ್ಲಗೆ ತಂದೆ, ಸರಳು ಇರುವುದು ಆ ಕಡೆಯ ತೊಡೆಯಲ್ಲಿ, ತಾಗಿಸಬಾರದು, ನೋಯತೈತೇನು ಯಕ್ಕಾ, ಇಲ್ಲೋ ತಮ್ಮಾ, ಜೋಳಿಗಿ ಹಾಕ್ಕೊಂಡಂಗ ಆತು ನೋಡು. ಟಕ್. ಬೆಲ್ಟು ಹಾಕುವವರೆಗೂ ಗಾಡಿ ಕುಂಯ್ಗುಡುತ್ತಿದ್ದ ಸದ್ದು ನಿಂತಿತು. ಆ ಸದ್ದು ನಿಲ್ಲಿಸಲಿಕ್ಕೆ ಸುಮ್ಮನೆ ಸಿಕ್ಕಿಸುವ ಒಂದು ಕ್ಲಿಪ್ಪು ಸಿಗತೈತಿ, ಬೆಲ್ಟಿನ ರಗಳೆನೇ ಇಲ್ಲ ಎಂದು ನಿನ್ನೆ ಶೋರೂಮಿನ ಹೊರಗಿನ ಅಂಗಡಿಯವನು ಹಲ್ಲು ಕಿರಿದಿದ್ದ, ಬೇಡ ಅಂದೆ, ಕುಂಯ್ ಅನ್ನಲಿ, ನನಗೆ ಯಾರಾದರೂ ಕುಂಯ್ ಅನ್ನುವವರು ಬೇಕು. ಎರಡನೇ ಗೇರು. ಹೊಸ ಸೀಟಿನ ಪ್ಲಾಸ್ಟಿಕ್ಕಿನ ವಾಸನೆ, ಅವಳ ವಿಭೂತಿಯ ವಾಸನೆ, ಹೆಡ್‌ಲೈಟಿನ ಬೆಳಕಿನಲ್ಲಿ ಮೆಕ್ಕೆಜೋಳದ ಹೊಲ ಎರಡೂ ಬದಿ, ರಸ್ತೆಯ ಉಬ್ಬಿಗೆ ಗಾಡಿಯ ಖಾಲಿ ಹಿಂಭಾಗ ಒಮ್ಮೆ ಜಿಗಿಯಿತು, ಅವಳು ಎರಡೂ ಕೈಯಿಂದ ಬೆಲ್ಟು ಹಿಡಿದಳು, ಹೆದರ್ಕಿ ಆತೇನು, ಇಲ್ಲ, ನಿನ್ನ ಬಾಜೂಕ ಕುಂತು ಮುಂದಿಂದ ರಸ್ತಾ ನೋಡಿದ್ದ ಇಲ್ಲ ನೋಡು, ಹಿಂದ ಓಡಿಹೋಗೂ ರಸ್ತಾನ ನೋಡಿ ರೂಢಿ. ಈಗ ಹೇಳು, ಈಗ, ಎರಡು ಕಿಲೋಮೀಟರಿನಲ್ಲಿ ಅರ್ಧ ಮುಗಿಯಿತು, ಇನ್ನು ಎಂಟು ಮಂದಿ ಕಾಯುತ್ತಿದ್ದಾರೆ, ಈ ಸೀಟಿನಲ್ಲಿ ಇವಳೊಬ್ಬಳೇ ಸಿಗುವುದು ಇನ್ಯಾವಾಗ. ಯಕ್ಕಾ, ಅವತ್ತ ಆ ನಾಯಿ. ಅಷ್ಟಕ್ಕೇ ಮಾತು ಬಿಟ್ಟು ಗೇರು ಬದಲಿಸಿದೆ, ಬೇಕಿರಲಿಲ್ಲ, ಸುಮ್ಮನೆ. ಅವಳು ರಸ್ತೆಯನ್ನೇ ನೋಡುತ್ತ ಹೇಳಿದಳು, ನಾಯಿ ಇರಲಿಲ್ಲ ಬಿಡು. ಗಾಡಿ ಬದಿಗೆ ತೆಗೆದೆ. ಕಾಲು ಬ್ರೇಕಿನ ಮೇಲೆ ಮೆತ್ತಗೆ, ಇಂಡಿಕೇಟರು ಟಿಕ್ ಟಿಕ್ ಅನ್ನುತ್ತಿದೆ, ಹ್ಯಾಂಡ್‌ಬ್ರೇಕು ಎಳೆದೆ. ನಾ ರಸ್ತಾದ ಮ್ಯಾಲ ಬಿದ್ದಿದ್ನೆಲ್ಲ, ನೀ ಓಡಿಬಂದು ನನ್ನ ತಲಿ ಎತ್ತಿ ತೊಡಿ ಮ್ಯಾಲ ಇಟ್ಕೊಂಡಿ, ನಿನ್ನ ಕಿಸೆದಾಗ ಯಾರೋ ಹಲೋ ಹಲೋ ಅನ್ನಾಕತ್ತಿದ್ರು, ಸುಧಾನ ದನಿ ನನಗ ಗುರ್ತ ಸಿಗಂಗಿಲ್ಲೇನು. ಎರಡು ವರ್ಷ. ಎರಡು ವರ್ಷ ಅವಳಿಗೆ ಗೊತ್ತಿತ್ತು, ಬೇವು ಬೆಲ್ಲ ತಿಂದಾಗ ಗೊತ್ತಿತ್ತು, ನಾನು ನಾಯಿಗೆ ಕಿವಿ ಬಾಲ ಹಚ್ಚುವುದನ್ನು ಕೇಳುತ್ತ ಕೂತಾಗ ಗೊತ್ತಿತ್ತು. ಯಾಕ ಹೇಳಲಿಲ್ಲ ಯಕ್ಕಾ, ನಾಲ್ಕು ಮಂದ್ಯಾಗ ನನ್ನ ಕೆರ ತಗೊಂಡು ಹೊಡೀಬೇಕಿತ್ತು. ನಿನ್ನ ಸಲುವಾಗಿ ಅಂತ ತಿಳಕೊಂಡಿಯೇನು, ನಿನ್ನ ಮ್ಯಾಲ ಸಿಟ್ಟಿತ್ತು, ಭಾಳ ಇತ್ತು, ಈಗೂ ಪೂರಾ ಹೋಗಿಲ್ಲ, ಕಡಿಮಿ ಆಗೇತಿ. ಆಕಿ ಸಲುವಾಗಿ. ನಾಯಿ ಅಲ್ಲ, ತನ್ನ ಫೋನಿನಿಂದನ ಹಿಂಗಾತು ಅಂತ ಗೊತ್ತಾದ್ರ ಆ ಹುಡುಗಿ ಜಲ್ಮಪೂರ್ತಿ ನನ್ನ ಮಾರಿ ನೋಡತಿದ್ದಿಲ್ಲ, ಆಸ್ಪತ್ರ್ಯಾಗ ತಿಂಗಳಗಟ್ಲೆ ನನಗ ಗಂಜಿ ಕುಡಿಸಿದಾಕಿ. ನನಗೆ ಅಳು ಬಂತು, ಬರಲಿ ಅಂತ ಬಿಟ್ಟೆ, ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತೆ, ಅವಳ ಕೈ ನನ್ನ ಬೆನ್ನಿಗೆ ಬರಲಿಲ್ಲ, ಬರಬಾರದಾಗಿತ್ತು, ಆದರೆ ಸ್ವಲ್ಪ ಹೊತ್ತಿನ ಮೇಲೆ ಆ ಕೈ ನನ್ನ ಮುಂದೆ ಬಂತು, ಅಂಗೈ ಬಿಚ್ಚಿ. ಫೋನು ಕೊಡು ಇಲ್ಲೆ. ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು, ಮೇಲೆ ಎರಡೂ ಕೈ ಇಟ್ಟಳು, ಇನ್ನ ನಡಿ, ಪಾಪ ಅವರು ಕಾಯಾಕತ್ತಾರ, ಆಮ್ಯಾಲ ಬರೂ ಎಲ್ಲಾರಿಗೂ ಇದ ಹೇಳು, ಕುಂತ ಕೂಡಲೆ ಮೊದಲು ಇದನ್ನ ಇಸಗೋರಿ ಅಂತ. ಕನ್ನಡಿ ನೋಡಿದೆ, ಹಿಂದೆ ಯಾರೂ ಇಲ್ಲ, ಹ್ಯಾಂಡ್‌ಬ್ರೇಕು ಇಳಿಸಿದೆ, ರಸ್ತೆಗೆ ಬಂದೆ, ದೂರದಲ್ಲಿ ರಟ್ಟೀಹಳ್ಳಿಯ ದೀಪಗಳು, ಆಗ ಫೋನು ಬಡಿದುಕೊಳ್ಳತೊಡಗಿತು, ಸುಧಾರಾಣಿಯೇ, ಕಾಯಿ ಇಡುವುದು ಮರೆತೆ ಎನ್ನಲಿಕ್ಕೋ ಮುಟ್ಟಿದಿರೇನು ಎನ್ನಲಿಕ್ಕೋ, ಮಹಾದೇವಕ್ಕ ಅಲುಗಲಿಲ್ಲ, ನಾನು ರಸ್ತೆ ನೋಡುತ್ತಿದ್ದೇನೆ, ರಸ್ತೆಯನ್ನೇ, ಆದರೂ ಕಣ್ಣಂಚಿನಲ್ಲಿ ಅದು, ಹಸಿರು ಸೆರಗಿನೊಳಗೆ ಹತ್ತಿ ಆರುವ ಬೆಳಕು, ಅದರ ಮೇಲೆ ಅವಳ ಎರಡು ಕೈ, ರಸ್ತೆ, ಹಸಿರು ಸೆರಗಿನೊಳಗೆ ಬೆಳಕು, ಅವಳ ಎರಡು ಕೈ, ರಸ್ತೆ, ಸೆರಗಿನೊಳಗೆ ಬೆಳಕು, ಅವಳ ಕೈ, ರಸ್ತೆ.