ಮಿಸುಕಾಡದ ಹೊತ್ತು

ಬಸುರಿ ಗಿನಿಪಿಗ್‌ನ ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಸವರಿ, ಅವಳು ಸ್ಕ್ಯಾನಿನ ಹಿಡಿಯನ್ನು ಮೆತ್ತಗೆ ಇಟ್ಟಳು. ತಾಯಿಯಿಂದ ಮರಿಗೆ ಅನ್ನವನ್ನೂ ಉಸಿರನ್ನೂ ಸಾಗಿಸುವುದು ಮಾಸು. ಅದು ಎಷ್ಟು ಚೆನ್ನಾಗಿ ದುಡಿಯುತ್ತಿದೆಯೆಂದು ಹೊಕ್ಕುಳಬಳ್ಳಿಯ ರಕ್ತದ ಹರಿವು ನೋಡಿ ಅಳೆಯುವುದು ಆ ಪ್ರಯೋಗಾಲಯದ ಕೆಲಸ. ಮರಿ ಹೊರಳಾಡಿದರೆ ಅಳತೆ ಕೆಟ್ಟಿತೆಂದೇ ಲೆಕ್ಕ. ಅದು ಸುಮ್ಮನಾಗುವವರೆಗೆ ಕಾಯಬೇಕು.

“ಸುಮ್ಮನಾಯ್ತು ಅಕ್ಕಾ. ಜಾಣಮರಿ!”

ಎಲ್ಲರೂ ಅಕ್ಕ ಎಂದೇ ಕರೆಯುವ ಪಶುವೈದ್ಯೆ ಅಳತೆ ಬರೆದುಕೊಂಡರು. “ನಿನ್ನ ಹೊಟ್ಟೆಯೊಳಗಿನ ಪೈಲ್ವಾನ ಏನಂತಾನೆ? ಎಂಟನೇ ತಿಂಗಳಿಗೇ ಅಖಾಡ ಕಟ್ಟಿದ್ನಲ್ಲ.”

“ಇವತ್ತು ಪಾಪ, ತುಂಬಾ ಒಳ್ಳೆಯವನು. ಬೆಳಿಗ್ಗೆಯಿಂದ ಮಿಸುಕಿಲ್ಲ.”

ನಗುತ್ತಲೇ ಹೇಳಿದಳು. ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಆರು ವರ್ಷದಿಂದ ‘ಸುಮ್ಮನಿದ್ದರೆ ಒಳ್ಳೆಯದು’ ಎಂದು ಪಳಗಿದ ತಲೆ, ಸ್ವಂತ ಮಗುವನ್ನೂ ಬೆಳಿಗ್ಗೆಯಿಂದ ಹಾಗೇ ಹೊಗಳುತ್ತ ಕೂತಿತ್ತು. ಹಿಡಿಯನ್ನು ಅಕ್ಕನತ್ತ ಚಾಚಿದಳು.

“ಅಕ್ಕಾ, ಇದನ್ನೇ ನನ್ನ ಹೊಟ್ಟೆ ಮೇಲಿಡಿ. ಒಂದೇ ನಿಮಿಷ!”

“ಹುಚ್ಚಾ ನಿಂಗೆ? ಇದಕ್ಕೆ ಒಂದು ಬೆರಳಿನಷ್ಟು ಆಳಾನೂ ಕಾಣಲ್ಲ. ಏನೂ ಕಾಣದಿದ್ರೆ ಇಲ್ಲೇ ಎದೆ ಒಡ್ಕೋತೀಯ. ಏನೋ ಮಿಣುಕಿದ್ರೆ ಸರಿಯಾಯ್ತು ಅಂತ ಮನೆಗೆ ಹೋಗಿ ಮಲಗ್ತೀಯ. ನಡಿ ಆಸ್ಪತ್ರೆಗೆ.”

“ಇದನ್ನ ಗೂಡಿಗೆ ಬಿಟ್ಟು...”

“ಬೇರೆಯವರು ಬಿಡ್ತಾರೆ, ನಡಿ ಅಂದ್ನಲ್ಲ!”

ಅಕ್ಕನ ಕಾರಿನಲ್ಲಿ, ಮಗು ಮಿಸುಕೀತೇನೋ ಎಂದು ತಣ್ಣೀರು ಕುಡಿದಳು. ಎರಡು ಬೆರಳಲ್ಲಿ ಹೊಟ್ಟೆಯನ್ನು ತಿವಿದಳು. “ಒದಿಯೋ ಕಂದಾ, ಒಂದ್ಸಲ ಒದಿ. ಬೈಯಲ್ಲ ಕಣೋ.” ಮಾಸು ಸೋತು, ಹುಟ್ಟುವ ಮೊದಲೇ ತಣ್ಣಗಾಗಿ, ಬಟ್ಟಲಿನಲ್ಲಿ ತೂಗಿಸಿಕೊಂಡ ಮರಿಗಳೆಲ್ಲ ಸಾಲುಗಟ್ಟಿ ಕಣ್ಣಮುಂದೆ ಬಂದವು.

ಆಸ್ಪತ್ರೆಯ ಪರದೆಯನ್ನು ಅವಳಿಗೆ ಯಾರೂ ಓದಿ ಹೇಳಬೇಕಿರಲಿಲ್ಲ. ಎರಡು ಬಡಿತಗಳ ನಡುವೆ ರಕ್ತದ ಅಲೆ ನೆಲಕಚ್ಚುತ್ತಿತ್ತು.

“ಮಾಸು ಸೋತಿದೆ, ಅಲ್ವಾ ಡಾಕ್ಟ್ರೇ?”

“ನಿಮಗೆ ಹೇಗೆ ಗೊತ್ತು?”

“ಗಿನಿಪಿಗ್‌ಗಳಲ್ಲಿ ನೋಡಿದೀನಿ. ಅವು...”

“ಅವುಗಳ ಕಥೆ ಬಿಡಮ್ಮ. ಇದರ ಎದೆ ಇನ್ನೂ ಬಡೀತಿದೆ. ಈಗಲೇ ಆಪರೇಷನ್ ಮಾಡಿ ಮಗೂನ ತೆಗೀಬೇಕು.”

ಸೊಂಟದ ಕೆಳಗೆ ಮರಗಟ್ಟಿತು. ಎದೆಯ ಮುಂದೆ ಹಸಿರು ಬಟ್ಟೆಯ ಅಡ್ಡ. ಕತ್ತರಿಗಳ ಸದ್ದು, ಯಾರದೋ ಪಿಸುಮಾತು. ಆಮೇಲೆ ಏನೂ ಇಲ್ಲ. ಆ ಕ್ಷಣ ಅವಳಿಗೆ ಯುಗವಾಯಿತು.

ಎಳೆಯಷ್ಟು ಸಣ್ಣ ದನಿಯೊಂದು ಅತ್ತಿತು.

“ಬಂದ್ಲಪ್ಪಾ ಜಗಳಗಂಟಿ! ಹೆಣ್ಣು ಕಣಮ್ಮ. ಅಂಗೈಯಷ್ಟಿದ್ದಾಳೆ,” ಎಂದಳು ನರ್ಸ್.

“ಕೊಡಿ ಇಲ್ಲಿ.”

“ಈಗಲ್ಲ. ಉಸಿರಾಡೋಕೆ ಕಷ್ಟಪಡ್ತಿದ್ದಾಳೆ. ಬೆಚ್ಚನೆ ಪೆಟ್ಟಿಗೆಗೆ ಹಾಕ್ಬೇಕು. ಶ್... ಅಳಬಾರ್ದು ಪುಟ್ಟಿ, ಅಳಬಾರ್ದು...”

“ಸಮಾಧಾನ ಮಾಡ್ಬೇಡಿ ಸಿಸ್ಟರ್,” ಅವಳು ತಲೆಯೆತ್ತಲು ಹೆಣಗಿದಳು. “ನಿಮ್ಮ ದಮ್ಮಯ್ಯ, ಅಳ್ಲಿ ಬಿಡಿ.”